ಮಡಚಿದ್ದನ್ನು ಬಿಚ್ಚಬಾರದು

"ಬಂತು! ನನ್ನ ಮಗಳಿಗೆ ಬಂತು ಕಣ್ರೋ!"

ಭಾವನ ಕೂಗು ಲಾಂಡ್ರಿ ಅಂಗಡಿಯ ಕೌಂಟರಿನಿಂದ ಹೊರಟು, ಇಸ್ತ್ರಿ ಕೋಣೆ ದಾಟಿ, ಹಿಂದಿನ ತೊಟ್ಟಿಗಳವರೆಗೂ ಬಂತು. ಆ ಮನೆಯ ಕಿರಿಸೊಸೆ ಯಾರದೋ ಬಿಳಿ ಅಂಗಿಯ ಕಾಲರು ಉಜ್ಜುತ್ತಿದ್ದಳು. ಮೊಣಕೈವರೆಗಿನ ನೊರೆಯನ್ನೂ ತೊಳೆಯದೆ ಎದ್ದು ಬಂದು ನೋಡಿದರೆ, ಭಾವ ವಿಶ್ವವಿದ್ಯಾಲಯದಿಂದ ಬಂದ ಒಂದು ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಎಲ್ಲರ ಮುಖಕ್ಕೂ ತೋರಿಸುತ್ತಿದ್ದ. ಅವನ ಮಗಳು ಗಿಣಿ (ಹುಟ್ಟಿದಾಗಿನಿಂದ ಬಾಯಿ ಮುಚ್ಚಿದವಳಲ್ಲ, ಅದಕ್ಕೆ ಆ ಹೆಸರು) ಇವತ್ತು ಮಾತ್ರ ಬಾಯಿ ಬಾರದವಳ ಹಾಗೆ ನಿಂತಿದ್ದಳು.

ಆ ವಿಶ್ವವಿದ್ಯಾಲಯ ಒಂದು ಊರಿನಿಂದ ಒಬ್ಬರನ್ನು ಮಾತ್ರ ತೆಗೆದುಕೊಳ್ಳುತ್ತಿತ್ತು. ಹೈಸ್ಕೂಲಿನ ಕೊನೆಯ ವರ್ಷದಲ್ಲಿ ಒಂದೇ ಒಂದು ಸಲ ಪರೀಕ್ಷೆ ಬರೆಯಬಹುದು. ಆಯ್ಕೆಯಾದವರಿಗೆ ಪತ್ರ ಬರುತ್ತದೆ. ಆಗದವರಿಗೆ ಏನೂ ಬರುವುದಿಲ್ಲ... ಮೌನವೇ ಉತ್ತರ. ಆ ಮನೆಯ ಇಬ್ಬರು ಹುಡುಗಿಯರೂ ಪರೀಕ್ಷೆ ಬರೆದಿದ್ದರು. ಕಿರಿಸೊಸೆಯ ಮಗಳು ಚುಕ್ಕಿಗೇ ಸಿಗುತ್ತದೆಂದು ಶಾಲೆಯ ಜವಾನನಿಂದ ಹಿಡಿದು ವಿಜ್ಞಾನದ ಮೇಷ್ಟರವರೆಗೆ ಎಲ್ಲರೂ ಹೇಳಿದ್ದರು. ಎಂಟು ವರ್ಷದವಳಿದ್ದಾಗಲೇ, "ರಕ್ತದ ಕಲೆಗೆ ತಣ್ಣೀರು ಯಾಕೆ, ಬಿಸಿನೀರು ಯಾಕೆ ಬೇಡ?" ಎಂದು ಕೇಳಿ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲವೆಂದು ತಿಳಿದು, ಮೇಷ್ಟರ ಮನೆ ಬಾಗಿಲು ತಟ್ಟಿದ್ದ ಹುಡುಗಿ ಅವಳು. ಬಿಸಿ ತಾಗಿದರೆ ರಕ್ತದೊಳಗಿನ ಪ್ರೋಟೀನು ಬೆಂದ ಮೊಟ್ಟೆಯ ಹಾಗೆ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ ಎಂದು ಮೇಷ್ಟರು ಹೇಳಿದಾಗ, ಕುಣಿಯುತ್ತ ಬಂದು ತೊಟ್ಟಿಯ ಪಕ್ಕದ ಗೋಡೆಯ ಮೇಲೆ ಅದನ್ನು ಸೀಮೆಸುಣ್ಣದಲ್ಲಿ ಬರೆದಿದ್ದಳು. ಅಕ್ಷರ ಮಾಸಿದಾಗಲೆಲ್ಲ ಅವಳಮ್ಮ ಅದರ ಮೇಲೇ ಇನ್ನೊಮ್ಮೆ ತಿದ್ದುತ್ತಿದ್ದಳು. ಆದರೆ ಪತ್ರ ಬರುವ ವಾರ ಬಂತು, ಹೋಯಿತು. ಏನೂ ಬರಲಿಲ್ಲ.

"ನನಗಲ್ಲ ಕಣೇ, ನಿನಗೆ ಬರಬೇಕಿತ್ತು!" ಗಿಣಿ ಓಡಿಬಂದು ಚುಕ್ಕಿಯ ಕೊರಳಿಗೆ ಬಿದ್ದಳು. "ಕೊನೇ ಎರಡು ಲೆಕ್ಕ ನಾನು ಮುಟ್ಟೇ ಇಲ್ಲ. ಏನೋ ತಪ್ಪಾಗಿದೆ... ನೋಡು ಬೇಕಾದ್ರೆ..."

"ಥೂ, ಬಾಯಲ್ಲಿ ಒಳ್ಳೇ ಮಾತು ಬರ್ಲಿ," ಎಂದಳು ಗಿಣಿಯ ಅಮ್ಮ, ಆ ಮನೆಯ ಹಿರಿಸೊಸೆ. "ಓದಿ ಓದಿ ಕಣ್ಣು ಗುಳಿ ಬಿದ್ರೆ ಸಾಕಾ? ಯೋಗ ಅನ್ನೋದು ಒಂದಿರುತ್ತೆ. ಅದನ್ನ ಸೋಪು ಹಚ್ಚಿ ತಿಕ್ಕಿದ್ರೆ ಬರಲ್ಲ."

ಕಿರಿಸೊಸೆ "ಒಳ್ಳೇದಾಗ್ಲಿ ಮಗಳೇ" ಎಂದು ಗಿಣಿಯ ತಲೆ ನೇವರಿಸಿ, ಮತ್ತೆ ತೊಟ್ಟಿಯ ಬಳಿಗೆ ಹೋದಳು. ಕಳೆದ ತಿಂಗಳು ತಾನೇ ಆಡಿದ ಮಾತು ಈಗ ಮುಳ್ಳಾಗಿ ಚುಚ್ಚುತ್ತಿತ್ತು. ಪತ್ರದ ದಾರಿ ಕಾಯುತ್ತ ಬಾಗಿಲಲ್ಲೇ ನಿಂತಿರುತ್ತಿದ್ದ ಮಗಳಿಗೆ, "ಸಾಕು ಬಾರೇ ಒಳಗೆ! ನಮ್ಮಂಥವರ ಮನೆಯಲ್ಲಿ ಆಸೆ ಇಷ್ಟುದ್ದ ಬೆಳೀಬಾರದಿತ್ತು" ಎಂದು ರೇಗಿದ್ದಳು. ಚುಕ್ಕಿ ಅವತ್ತು ಒಳಗೆ ಬಂದವಳು ಮತ್ತೆ ಬಾಗಿಲಿಗೆ ಹೋಗಿರಲಿಲ್ಲ.

ಆ ಲಾಂಡ್ರಿ ಸತ್ತುಹೋದ ಮಾವ ಕಟ್ಟಿದ್ದು. ಹೋಗುವಾಗ ದೊಡ್ಡ ಮಗನಿಗೆ ಕೌಂಟರು, ಚಿಕ್ಕ ಮಗನಿಗೆ ಇಸ್ತ್ರಿ, ಕಿರಿಸೊಸೆಗೆ ಜೇಬುಗಳನ್ನು ಬಿಟ್ಟು ಹೋಗಿದ್ದ. ಹೌದು, ಜೇಬುಗಳು! ನೀರಿಗೆ ಹಾಕುವ ಮೊದಲು ಪ್ರತಿ ಬಟ್ಟೆಯ ಜೇಬನ್ನೂ ಒಬ್ಬರೇ ನೋಡಬೇಕು. ಸಿಕ್ಕಿದ್ದನ್ನು ಒಂದು ಕವರಿಗೆ ಹಾಕಿ, ಬಟ್ಟೆಯ ನಂಬರು ಬರೆದು, ಜೇಬಿನ ಪುಸ್ತಕದಲ್ಲಿ ದಾಖಲಿಸಿ, ವಾಪಸು ಕೊಡುವಾಗ ಸಹಿ ಹಾಕಿಸಿಕೊಳ್ಳಬೇಕು. ಎಲ್ಲಕ್ಕಿಂತ ದೊಡ್ಡ ನಿಯಮ ಇನ್ನೊಂದಿತ್ತು. "ಮಡಚಿದ್ದನ್ನು ಬಿಚ್ಚಬಾರದು. ಜನ ನಮಗೆ ಕೊಳೆ ಕೊಡ್ತಾರಮ್ಮ, ಗುಟ್ಟು ಕೊಡಲ್ಲ" ಎನ್ನುತ್ತಿದ್ದ ಮುದುಕ. ಹತ್ತೊಂಬತ್ತು ವರ್ಷಗಳಲ್ಲಿ ಎಷ್ಟೋ ಚೀಟಿ, ಎಷ್ಟೋ ಪತ್ರ ಅವಳ ಬೆರಳಿಗೆ ಸಿಕ್ಕಿದ್ದವು. ಒಂದರ ಮಡಿಕೆಯನ್ನೂ ಅವಳು ಬಿಡಿಸಿರಲಿಲ್ಲ. ಓದಿದ್ದು ಕಡಿಮೆ, ಹೆಸರಿಲ್ಲ, ಮನೆಯಲ್ಲಿ ಮಾತಿಗೆ ಬೆಲೆಯೂ ಇಲ್ಲ. ಅವಳಿಗೆಂದು ಇದ್ದ ಒಡವೆ ಆ ನಿಯಮ ಒಂದೇ.

ಗಿಣಿ ಹೊರಡಲು ನಾಲ್ಕು ದಿನ ಇತ್ತು. ಭಾವ, ಅವನ ಹೆಂಡತಿ, ಗಿಣಿ ಮೂವರೂ ಹೊಸ ಪೆಟ್ಟಿಗೆ ಕೊಳ್ಳಲು ಪೇಟೆಗೆ ಹೋಗಿದ್ದರು. ಕೌಂಟರಿನಲ್ಲಿ ಅಪರೂಪಕ್ಕೆ ಕಿರಿಸೊಸೆ ಕೂತಿದ್ದಳು. ಅಂಚೆಯವನು ಬಂದು ಒಂದು ಲಕೋಟೆ ಇಟ್ಟು ಹೋದ. ದಪ್ಪ ಕಾಗದ, ಸುತ್ತಲೂ ಹಸಿರು ಅಂಚು. ಮೇಲೆ ಶಾಲೆಯಲ್ಲಿ ಬರೆಸಿದ ಚುಕ್ಕಿಯ ಹೆಸರು, ತಂದೆಯ ಹೆಸರು, ಎಲ್ಲ ಇತ್ತು. ಅವಳು ಅದನ್ನು ಕೈಗೆತ್ತಿಕೊಂಡು ಬೆರಳಲ್ಲಿ ಸವರಿದಳು. ಈ ಕಾಗದವನ್ನು ಅವಳ ಬೆರಳುಗಳು ಬಲ್ಲವು... ಈ ದಪ್ಪ, ಈ ಅಂಚಿನ ಒರಟು... ಎಲ್ಲಿ?

"ಚುಕ್ಕೀ, ನಿನಗೇನೋ ಬಂದಿದೆ ಬಾ." ತಾನು ಒಡೆಯಲಿಲ್ಲ. ಮಗಳ ಪತ್ರವಾದರೂ ಪರರ ಪತ್ರವೇ.

ಚುಕ್ಕಿ ಒಡೆದು ಓದಿದಳು. ಮೊದಲು ಮನಸ್ಸಿನಲ್ಲಿ. ಆಮೇಲೆ, ಏರಿಳಿತವಿಲ್ಲದ ದನಿಯಲ್ಲಿ, ಅಮ್ಮನಿಗೆ ಕೇಳುವಂತೆ: "ನಿಮ್ಮ ಒಪ್ಪಿಗೆ ಪತ್ರ ಹದಿನೈದು ದಿನದೊಳಗೆ ನಮಗೆ ತಲುಪದ ಕಾರಣ, ನಿಮಗೆ ನೀಡಲಾಗಿದ್ದ ಸ್ಥಾನವನ್ನು ನಿಮ್ಮ ಊರಿನ ಮುಂದಿನ ಅಭ್ಯರ್ಥಿಗೆ ವರ್ಗಾಯಿಸಲಾಗಿದೆ. ಆಕ್ಷೇಪಣೆಯಿದ್ದಲ್ಲಿ ಲಿಖಿತ ದಾಖಲೆಯೊಂದಿಗೆ ಏಳು ದಿನದೊಳಗೆ ಸಲ್ಲಿಸಬಹುದು. ನಿಮ್ಮ ನಿರ್ಧಾರವನ್ನು ನಾವು ಗೌರವಿಸುತ್ತೇವೆ."

"ನಿರ್ಧಾರವಾ?" ಚುಕ್ಕಿ ಪತ್ರವನ್ನು ಅಮ್ಮನ ಕಡೆ ಚಾಚಿದಳು. "ಯಾವ ನಿರ್ಧಾರ ಅಮ್ಮ? ನನಗೆ... ನನಗೆ ಬಂದಿತ್ತಾ?"

ಅಷ್ಟರಲ್ಲಿ ತಾಯಿಯ ಬೆರಳುಗಳಿಗೆ ನೆನಪಾಗಿತ್ತು. ಅವಳು ಜೇಬಿನ ಪುಸ್ತಕವನ್ನು ಸರಸರನೆ ಹಿಂದಕ್ಕೆ ತಿರುಗಿಸಿದಳು. ಒಂದು ತಿಂಗಳ ಹಿಂದಿನ ಪುಟ. ತನ್ನದೇ ದುಂಡು ಅಕ್ಷರ: 'ಬೂದು ಕೋಟು, ಮನೆಯದು, ಒಳಜೇಬು. ಹಸಿರು ಅಂಚಿನ ಲಕೋಟೆ, ಎರಡಾಗಿ ಮಡಚಿದ್ದು, ಒಂದು.' ಎದುರಿಗೆ ಭಾವನ ಸಹಿ.

ಆ ದಿನ ಕಣ್ಣಿಗೆ ಕಟ್ಟಿತು. ಮನೆಯವರ ಬಟ್ಟೆಗೂ ಅವಳು ನಿಯಮ ತಪ್ಪಿಸುತ್ತಿರಲಿಲ್ಲ. ಲಕೋಟೆಯನ್ನು ವಿಳಾಸ ಒಳಗಾಗುವಂತೆ ಮಡಚಲಾಗಿತ್ತು. ಕವರಿಗೆ ಹಾಕಿ ಕೊಟ್ಟಾಗ ಭಾವನ ಮುಖ ಒಂದು ಗಳಿಗೆ ಬೂದಿಯಾಗಿತ್ತು. ಆಮೇಲೆ ಜೋರಾಗಿ ನಕ್ಕು, ಎದುರಿಗಿದ್ದ ಗಿರಾಕಿಗಳಿಗೆಲ್ಲ ಕೇಳುವಂತೆ ಹೊಗಳಿದ್ದ: "ನೋಡ್ರಪ್ಪಾ, ನಮ್ಮ ಅಂಗಡಿ ಹೆಸರು ನಿಂತಿರೋದು ಈಯಮ್ಮನ ಕೈ ಮೇಲೆ!" ಎಂದೂ ಹೊಗಳಿಕೆ ಕೇಳದ ಜೀವ ಅವತ್ತಿಡೀ ದಿನ ಹಿಗ್ಗಿತ್ತು... ಸಂಜೆ ಗಂಡನಿಗೂ ಹೇಳಿಕೊಂಡಿತ್ತು!

ಪೆಟ್ಟಿಗೆ ಹೊತ್ತು ಭಾವ ಒಳಗೆ ಬಂದ. ಹೆಂಡತಿ, ಮಗಳು ಇನ್ನೂ ದರ್ಜಿಯ ಅಂಗಡಿಯಲ್ಲಿದ್ದರು. ಕಿರಿಸೊಸೆ ಹೊಸ ಪತ್ರವನ್ನೂ ತೆರೆದ ಪುಸ್ತಕವನ್ನೂ ಅವನ ಮುಂದಿಟ್ಟಳು.

"ಇದೇನು ಭಾವ?"

ಅವನು ಓದಿದ. ಪೆಟ್ಟಿಗೆ ಕೆಳಗಿಳಿಸಿದ. ಸುಳ್ಳು ಹೇಳುತ್ತಾನೆಂದುಕೊಂಡಿದ್ದಳು. ಅವನು ಹೇಳಲಿಲ್ಲ.

"ನಾನು ಬಚ್ಚಿಟ್ಟೆ ಅಂತ ಅನ್ಬೇಡ," ಎಂದ ತಗ್ಗಿದ ದನಿಯಲ್ಲಿ. "ಮೂರು ದಿನ ಜೇಬಲ್ಲಿಟ್ಕೊಂಡು ತಿರುಗಿದೆ. ಹರಿಯೋಕೆ ಕೈ ಬರಲಿಲ್ಲ. ಕೊನೆಗೆ ದೇವರ ಮೇಲೆ ಭಾರ ಹಾಕಿ ಕೋಟು ಒಗೆಯೋಕೆ ಹಾಕಿದೆ. ಬಿಚ್ಚಿ ನೋಡಿದ್ರೆ ಅದು ನಿನ್ನ ಮಗಳದು, ಇಲ್ಲದಿದ್ರೆ ನನ್ನ ಮಗಳದು ಅಂತ. ನಿನ್ನ ಕೈಗೇ ಬಂದಿತ್ತಲ್ಲಮ್ಮ! ನೀನೇ ವಾಪಸ್ ಕೊಟ್ಟೆ... ಸಹಿ ಹಾಕಿಸ್ಕೊಂಡು ಕೊಟ್ಟೆ!"

"ದೇವರ ಹೆಸರೆತ್ತಬೇಡಿ ಭಾವ!" ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವಳ ದನಿ ಆ ಮನೆಯ ಸೂರು ಮುಟ್ಟಿತು. "ನಾನು ಬಿಚ್ಚಲ್ಲ ಅನ್ನೋದು ದೇವರಿಗೆ ಗೊತ್ತಿತ್ತೋ ಇಲ್ವೋ, ನಿಮಗಂತೂ ಚೆನ್ನಾಗಿ ಗೊತ್ತಿತ್ತು. ನನ್ನ ನಿಯತ್ತನ್ನೇ ಚಾಕು ಮಾಡಿ ನನ್ನ ಮಗಳ ಕತ್ತಿಗೆ ಇಟ್ಟಿರಲ್ಲ... ಅವಳು ನಿಮ್ಮ ತೊಡೆ ಮೇಲೆ ಬೆಳೆದವಳಲ್ವಾ? ದೊಡ್ಡಪ್ಪಾ ಅಂತ ಮೊದಲು ಕರೆದದ್ದು ನಿಮ್ಮನ್ನಲ್ವಾ!"

"ನನ್ನದೂ ಹೆಣ್ಣು ಮಗಳೇ," ಎಂದ ಭಾವ. "ಹುಟ್ಟಿದಾಗಿನಿಂದ ನಿನ್ನ ಮಗಳ ನೆರಳಲ್ಲೇ ನಿಂತವಳು. ಎಲ್ಲದರಲ್ಲೂ ಎರಡನೇದು... ಒಂದು ಸಲ, ಒಂದೇ ಒಂದು ಸಲ ಅವಳು ಮೊದಲಾಗ್ಲಿ ಅನ್ನಿಸ್ತು. ಈಗ ಬರಿ, ಕಳಿಸು. ಪೆಟ್ಟಿಗೆ ತಂದಾಯ್ತು, ಊರಿಗೆಲ್ಲ ಹೇಳಾಯ್ತು. ಆ ಪಾಪದ ಹುಡುಗಿಯನ್ನ ಬೀದೀಲಿ ನಿಲ್ಲಿಸು. ಅವಳಿಗೆ ಇದ್ಯಾವುದೂ ಗೊತ್ತಿಲ್ಲ."

ಆಗ ಸುಟ್ಟ ವಾಸನೆ ಬಂತು. ಇಸ್ತ್ರಿ ಮೇಜಿನ ಹಿಂದೆ ಅವಳ ಗಂಡ ನಿಂತಿದ್ದ. ಇಸ್ತ್ರಿಪೆಟ್ಟಿಗೆ ಒಂದು ತೋಳಿನ ಮೇಲೆ ಕೂತೇ ಇತ್ತು, ಬಟ್ಟೆ ಕಂದಾಗಿ ಕಪ್ಪಾಗುತ್ತಿತ್ತು.

"ನೀವಾದ್ರೂ ಬಾಯಿ ಬಿಡ್ರೀ! ನಿಮ್ಮ ಮಗಳು!"

ಅವನು ಇಸ್ತ್ರಿಪೆಟ್ಟಿಗೆ ಎತ್ತಿಟ್ಟ. "ಅಣ್ಣ ಹಾಗೆ ಮಾಡಬಾರದಿತ್ತು," ಎಂದ. ಅಷ್ಟೇ. ಆಮೇಲೆ ಸುಟ್ಟ ತೋಳನ್ನು ನೋಡುತ್ತ ನಿಂತ.

"ನಾಳೆ ಬೆಳಿಗ್ಗೆ ಈ ಪುಟ ಮೇಷ್ಟರ ಕೈಗೆ ಕೊಡ್ತೀನಿ," ಎಂದಳು ಅವಳು. "ಇದೇ ದಾಖಲೆ. ನನ್ನ ಅಕ್ಷರ, ನಿಮ್ಮ ಸಹಿ. ನಿಮ್ಮಪ್ಪ ಮಾಡಿದ ನಿಯಮ ನನ್ನ ಮಗಳನ್ನ ಕೊಂದಿದೆ, ಈಗ ಅದೇ ಬದುಕಿಸ್ಲಿ."

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಪುಸ್ತಕ ತೆರೆದಳು. ಪುಟ ಇರಲಿಲ್ಲ. ಹೊಲಿಗೆಯ ಬಳಿ ಹರಿದ ಕಾಗದದ ಸಣ್ಣ ಹಲ್ಲುಗಳು ಮಾತ್ರ ಇದ್ದವು.

"ಭಾವಾ!" ಎಂದು ಚೀರಿ ಓಡಿದವಳನ್ನು ಇಸ್ತ್ರಿ ಕೋಣೆಯ ಬಾಗಿಲಲ್ಲಿ ಗಂಡ ತಡೆದ. ಅವನ ಕಣ್ಣು ಕೆಂಪಾಗಿತ್ತು.

"ಅಣ್ಣನ್ನ ಕೇಳ್ಬೇಡ... ನಾನೇ. ನಾನೇ ಹರಿದು ಬಾಯ್ಲರಿನ ಬೆಂಕಿಗೆ ಹಾಕ್ದೆ. ಅಣ್ಣ ನನ್ನ ಕಾಲು ಹಿಡಿದ ಕಣೇ... ಚಿಕ್ಕಂದಿನಲ್ಲಿ ಅಮ್ಮ ಸತ್ತಾಗ ನನ್ನ ಎತ್ತಿ ಬೆಳೆಸಿದ ಕೈ... ನನ್ನ ಕಾಲು ಹಿಡೀತು. ಮನೆ ಒಡೆದು ಎರಡಾಗೋದು ನನ್ನಿಂದ ನೋಡೋಕಾಗಲ್ಲ. ಚುಕ್ಕಿ ಜಾಣೆ, ಇಲ್ಲೇ ಎಲ್ಲಾದ್ರೂ ಓದ್ಕೋತಾಳೆ..."

ಅವಳು ಗಂಡನ ಎದೆಗೆ ಗುದ್ದಿದಳು. ಒಂದು ಸಲ, ಎರಡು ಸಲ... ಸೋಪಿನಿಂದ ಬಿರುಕುಬಿಟ್ಟ ಆ ಮುಷ್ಟಿಗಳಲ್ಲಿ ಬಲವಿರಲಿಲ್ಲ. ಅವನು ಅಲುಗದೆ ಗುದ್ದಿಸಿಕೊಂಡ. ಕೊನೆಗೆ ಅವಳ ಕೈ ಹಿಡಿದದ್ದು ಚುಕ್ಕಿ.

"ಬಿಡಮ್ಮ. ಅಪ್ಪನಿಗೆ ಗೊತ್ತಿರೋ ಕೆಲಸ ಒಂದೇ. ಎಲ್ಲಾದ್ರೂ ಸುಕ್ಕು ಕಂಡ್ರೆ ಒತ್ತಿಬಿಡ್ತಾರೆ." ಆಮೇಲೆ ತಂದೆಯ ಮುಖ ನೋಡದೆ, ಮೆಲ್ಲಗೆ ಸೇರಿಸಿದಳು: "ಆದ್ರೆ ಅಪ್ಪ, ಕಲೆ ತೆಗೀದೆ ಇಸ್ತ್ರಿ ಇಟ್ರೆ ಏನಾಗುತ್ತೆ ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ."

ತಂದೆ ಮುಖ ಮುಚ್ಚಿಕೊಂಡು ಅತ್ತ. ಮಗಳು ಅಳಲಿಲ್ಲ.

ಆದರೂ ತಾಯಿ ಸುಮ್ಮನಿರಲಿಲ್ಲ. ಮೇಷ್ಟರ ಮುಂದೆ ಕೂತು, ಪುಟವಿಲ್ಲದೆಯೇ ನಡೆದದ್ದನ್ನೆಲ್ಲ ಬರೆಸಿ ಕಳಿಸಿದಳು. ಮೇಷ್ಟರು ಬರೆಯುವಾಗಲೇ ನಿಟ್ಟುಸಿರು ಬಿಟ್ಟಿದ್ದರು. "ಕಳಿಸೋಣಮ್ಮ. ಆದ್ರೆ ಅವರು ಕೇಳೋದು ಕಾಗದ, ಕಣ್ಣೀರಲ್ಲ." ಒಂದು ವಾರದ ನಂತರ ಉತ್ತರ ಬಂತು. ದಾಖಲೆಯಿಲ್ಲದ ಆಕ್ಷೇಪಣೆಯನ್ನು ಪರಿಗಣಿಸಲು ಸಾಧ್ಯವಿಲ್ಲ. ಒಂದೇ ಸಾಲು, ಹಸಿರು ಅಂಚು.

ಅಷ್ಟರೊಳಗೆ ಗಿಣಿ ಹೊರಟಾಗಿತ್ತು. ಹೊರಡುವ ದಿನ ಅವಳ ಹೊಸ ಬಿಳಿ ಉಡುಪಿನ ಮೇಲೆ ಅವಸರದಲ್ಲಿ ಮಸಿ ಚೆಲ್ಲಿತ್ತು. "ಚುಕ್ಕೀ, ಏನಾದ್ರೂ ಮಾಡೇ!" ಎಂದು ಅಳುತ್ತ ಬಂದಿದ್ದಳು. ಕಿರಿಸೊಸೆ ತೊಟ್ಟಿಯ ಬಳಿಯಿಂದ ನೋಡುತ್ತಿದ್ದಳು. ಚುಕ್ಕಿ ಉಡುಪನ್ನು ಮೇಜಿನ ಮೇಲೆ ಹರಡಿ, ಕಲೆಯ ಕೆಳಗೆ ಹಳೆಯ ಬಟ್ಟೆ ಇಟ್ಟು, ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಹೊರಗಿನಿಂದ ಒಳಕ್ಕೆ ಒತ್ತುತ್ತ ಬಂದಳು. ಅರ್ಧ ಗಂಟೆ. ಮಸಿ ಇದ್ದ ಜಾಗವೇ ಗೊತ್ತಾಗದಷ್ಟು ಬಿಳಿಯಾಯಿತು.

"ನಿನ್ನ ಕೈಯಲ್ಲಿ ಮಂತ್ರ ಇದೆ ಕಣೇ," ಎಂದಳು ಗಿಣಿ ಮೂಗು ಒರೆಸಿಕೊಳ್ಳುತ್ತ.

"ಮಂತ್ರ ಅಲ್ಲ, ರಸಾಯನಶಾಸ್ತ್ರ. ಅಲ್ಲಿ ಹೇಳಿಕೊಡ್ತಾರೆ, ಕಲಿತು ಬಂದು ನನಗೂ ಹೇಳು," ಎಂದಳು ಚುಕ್ಕಿ.

ಭಾವ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡ. ಕೌಂಟರಿನ ಕಡೆ ಮುಖ ತಿರುಗಿಸಿಕೊಂಡ. ಅವತ್ತಿನಿಂದ ಅವನು ತನ್ನ ಬಟ್ಟೆಯನ್ನು ತಾನೇ ಒಗೆದುಕೊಳ್ಳುತ್ತಾನೆ.

ಮನೆ ಒಡೆಯಲಿಲ್ಲ. ಅವಳ ಗಂಡ ಬಯಸಿದ್ದು ಅದೊಂದೇ, ಅದು ಅವನಿಗೆ ಸಿಕ್ಕಿತು. ಒಂದೇ ಸೂರು, ಒಂದೇ ಒಲೆ, ಒಂದೇ ಬಾಯ್ಲರು. ಗೋಡೆಯ ಮೇಲಿನ ಸೀಮೆಸುಣ್ಣದ ಅಕ್ಷರ ಮಾತ್ರ ಈಗ ಮಾಸಿಹೋಗಿದೆ, ಯಾರೂ ತಿದ್ದಿಲ್ಲ. ಅದರ ಕೆಳಗಿನ ಮೇಜಿನಲ್ಲಿ ಚುಕ್ಕಿ ಕಲೆ ತೆಗೆಯುತ್ತಾಳೆ. ಬಹಳ ಚೆನ್ನಾಗಿ ತೆಗೆಯುತ್ತಾಳೆ. ದೂರದ ಬೀದಿಗಳಿಂದಲೂ ಜನ ಬಟ್ಟೆ ತರುತ್ತಾರೆ.

ಮೊನ್ನೆ ಯಾರೋ ಅಪರಿಚಿತನ ಪ್ಯಾಂಟಿನ ಜೇಬಿನಲ್ಲಿ ನಾಲ್ಕಾಗಿ ಮಡಚಿದ ಚೀಟಿಯೊಂದು ಸಿಕ್ಕಿತು. ಕಿರಿಸೊಸೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಕಿಟಕಿಯ ಬೆಳಕಿಗೆ ಹೋಗಿ ನಿಂತಳು. ಒಂದು ಮಡಿಕೆ ಬಿಚ್ಚಿದಳು, ಇನ್ನೊಂದು ಬಿಚ್ಚಿದಳು. ಸೋಪು, ಬಲ್ಬು, ಅಮ್ಮನ ಮಾತ್ರೆ... ಅಷ್ಟೇ ಇತ್ತು. ಅವಳು ಅದನ್ನು ಎರಡು ಸಲ ಓದಿದಳು, ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದಳು, ಆಮೇಲೆ ಮೊದಲಿದ್ದ ಹಾಗೆಯೇ ಮಡಚಿ ಕವರಿಗೆ ಹಾಕಿ ನಂಬರು ಬರೆದಳು.

ಚುಕ್ಕಿ ನೋಡಿದಳು. ತಲೆ ತಗ್ಗಿಸಿ, ಯಾರದೋ ಅಂಗಿಯ ಮೇಲಿನ ರಕ್ತದ ಕಲೆಗೆ ತಣ್ಣೀರು ಹನಿಸತೊಡಗಿದಳು.