ಸಿಡಿಲು ಹಲಸಿನ ಬೇಸ್ ಗಿಟಾರು

ಬಹಳ ಬಹಳ ಹಿಂದೆ, ಸಂಜೆಯಾದರೆ ನಕ್ಷತ್ರಗಳಿಗೆ ಎಣ್ಣೆ ಹಾಕಿ ಹಚ್ಚಬೇಕಿದ್ದ ಕಾಲದಲ್ಲಿ, ಘಂಟಾವತಿ ಎಂಬ ರಾಜ್ಯವಿತ್ತು. ಅದರ ರಾಜ ಮೇಘಗರ್ಜನ. ಅವನು ಸಭೆಯಲ್ಲಿ ಒಮ್ಮೆ ಕೆಮ್ಮಿದರೆ ಗೋಡೆಯ ಸುಣ್ಣ ಉದುರುತ್ತಿತ್ತು. ಅವನ ಆನೆ ಲಾಯದಲ್ಲಿ ದುಗ್ಗಪ್ಪ ಎಂಬ ತರುಣನಿದ್ದ. ಬೆಳಿಗ್ಗೆ ಭದ್ರೆ ಎಂಬ ಆನೆಯ ಮೈ ತೊಳೆಯುವುದು, ಸಂಜೆ ಅರಮನೆಯ ಮೇಳದಲ್ಲಿ ಎಲೆಕ್ಟ್ರಿಕ್ ಬೇಸ್ ಗಿಟಾರು ನುಡಿಸುವುದು, ಇವೆರಡೇ ಅವನ ಕೆಲಸ.

ಆ ಕಾಲದಲ್ಲಿ ಎಲೆಕ್ಟ್ರಿಕ್ ಬೇಸ್ ಗಿಟಾರು ಎಲ್ಲಿತ್ತು ಎಂದು ಮೂಗು ಮುರಿಯಬೇಡಿ. ನಕ್ಷತ್ರಕ್ಕೆ ಎಣ್ಣೆ ಹಾಕಿದರು ಎಂದಾಗ ಸುಮ್ಮನೆ ತಲೆಯಾಡಿಸಿದವರು ನೀವೇ ತಾನೆ? ಗಿಟಾರಿಗೆ ನಾಲ್ಕು ದಪ್ಪ ತಂತಿಗಳಿದ್ದವು. ಅದರ ಬುಡದಿಂದ ಒಂದು ಸರಿಗೆ ಹೊರಟು ತಾಮ್ರದ ಕೊಪ್ಪರಿಗೆಗೆ ಸೇರುತ್ತಿತ್ತು. ಭರಣಿಯಲ್ಲಿ ಹಿಡಿದಿಟ್ಟ ಮಿಂಚು ಆ ಸರಿಗೆಯಲ್ಲಿ ಹರಿಯುತ್ತಿತ್ತು, ದನಿ ಕೊಪ್ಪರಿಗೆಯಿಂದ ಹೊರಡುತ್ತಿತ್ತು. ಅಷ್ಟೇ ಸಂಗತಿ.

ಊರಾಚೆಯ ಗುಹೆಯಲ್ಲಿ ಕಿರಿಕಿರಾಕ್ಷ ಎಂಬ ಮಾಂತ್ರಿಕನಿದ್ದ. ಮಧ್ಯಾಹ್ನ ಉಂಡ ಮೇಲೆ ನಿದ್ದೆ ಮಾಡದಿದ್ದರೆ ಅವನಿಗೆ ಮೈಯೆಲ್ಲ ಉರಿ. ಒಂದು ಮಧ್ಯಾಹ್ನ ಭದ್ರೆ ಮರಿ ಹಾಕಿತು. ಊರಲ್ಲಿ ನಗಾರಿ ಬಾರಿಸಿದರು, ಕಹಳೆ ಊದಿದರು, ರಾಜ ಖುಷಿಯಿಂದ ಗರ್ಜಿಸಿದ. ಮಾಂತ್ರಿಕನ ನಿದ್ದೆ ಹಾರಿಹೋಯಿತು. ಎದ್ದವನೇ ಗುಹೆಯ ಬಾಗಿಲಿಗೆ ಬಂದು ಬಾಯಿ ತೆರೆದು, ರಾಜ್ಯದಲ್ಲಿದ್ದ ಮಂದ್ರದ ದಪ್ಪ ದನಿಗಳನ್ನೆಲ್ಲ ಪಾಯಸ ಕುಡಿದಂತೆ ಸೊರ್ರನೆ ಹೀರಿಬಿಟ್ಟ.

ಅಂದಿನಿಂದ ನಗಾರಿ ಟಿಂ ಟಿಂ ಎನ್ನತೊಡಗಿತು. ದುಗ್ಗಪ್ಪನ ಗಿಟಾರು ಕುಂಯ್ ಎಂದಿತು. ಗುಡುಗು ಕಿಚಕ್ ಎಂದಿತು. ಮೇಘಗರ್ಜನ ಮಹಾರಾಜ ಸಿಂಹಾಸನದ ಮೇಲೆ ಕೂತು "ಯಾರಲ್ಲಿ!" ಎಂದರೆ ಸೊಳ್ಳೆ ಬಂತೆಂದು ಸೇವಕರು ಚಪ್ಪಾಳೆ ಹೊಡೆಯುತ್ತಿದ್ದರು. ಮೊದಮೊದಲು ಜನ ಬಿದ್ದು ಬಿದ್ದು ನಕ್ಕರು.

ಆನೆ ಲಾಯದಲ್ಲಿ ಮಾತ್ರ ಯಾರೂ ನಗಲಿಲ್ಲ. ಭದ್ರೆಯ ಮರಿಗೆ ಬೆಲ್ಲದುಂಡೆ ಎಂದು ಹೆಸರಿಟ್ಟಿದ್ದರು. ಹೊಟ್ಟೆಯೊಳಗಿದ್ದಾಗ ಅದು ಕೇಳಿದ್ದು ತಾಯಿಯ ಗುಡುಗುಡು ದನಿಯನ್ನು. ಆ ದನಿಯೇ ಅದಕ್ಕೆ ಅಮ್ಮ. ಈಗ ಭದ್ರೆ ಕರೆದರೆ ಕೀಂ ಎಂದು ಇಲಿಯ ಸದ್ದು ಬರುತ್ತಿತ್ತು. ಮರಿ ಹೆದರಿ ಹುಲ್ಲಿನ ಮೆದೆಯ ಹಿಂದೆ ಅಡಗುತ್ತಿತ್ತು, ಹಾಲಿಗೆ ಬಾಯಿ ಹಾಕುತ್ತಿರಲಿಲ್ಲ. ದುಗ್ಗಪ್ಪ ಬಟ್ಟೆಯಲ್ಲಿ ಹಸುವಿನ ಹಾಲು ನೆನೆಸಿ ಬಾಯಿಗೆ ಹಿಂಡಿದ. ಅರ್ಧ ಗಂಟಲಿಗಿಳಿಯಿತು, ಅರ್ಧ ಹೊರಗೆ ಬಂತು. ಮರಿಯ ಪಕ್ಕೆಲುಬು ಕಾಣತೊಡಗಿದಾಗ ದುಗ್ಗಪ್ಪನಿಗೆ ಅಳು ತಡೆಯಲಾಗಲಿಲ್ಲ. ಅವನು ಅರಮನೆಯ ಕೊಳದ ಮುದಿ ಆಮೆಯ ಬಳಿಗೆ ಓಡಿದ. ಆ ಆಮೆ ರಾಜನ ಮುತ್ತಜ್ಜನಿಗೇ ಬುದ್ಧಿ ಹೇಳಿತ್ತಂತೆ.

"ಲಾಯದ ಹಿಂದೆ ಸಿಡಿಲು ಬಡಿದ ಹಲಸಿನ ಮರ ಇದೆಯಲ್ಲ, ಅದರಲ್ಲಿ ಮಿಂಚು ಇನ್ನೂ ಜೀವಂತ ಇದೆ," ಎಂದಿತು ಆಮೆ. "ಅದರಲ್ಲಿ ಬೇಸ್ ಗಿಟಾರು ಮಾಡಿಸು. ಆ ದನಿಯನ್ನ ಕೀಚಲು ಮಾಡೋಕೆ ಆ ಮಾಂತ್ರಿಕನ ಮಾಯೆಗೆ ಆಗಲ್ಲ. ಅವನೇ ಬಾಯಿ ಹಾಕಿ ನುಂಗೋಕೆ ಬರ್ತಾನೆ, ನುಂಗಿ ದಕ್ಕದೇ ಹೋದರೆ ಒಳಗಿರೋದೆಲ್ಲ ಹೊರಗೆ. ಆದರೆ ಆ ಮರದಲ್ಲಿ ಸುಡದೇ ಉಳಿದಿರೋದು ಒಂದೇ ಹಲಗೆ, ನೆನಪಿರಲಿ."

"ಮಾಡೋರು ಯಾರು ತಾತ?"

"ಗಡಿಯಾಚೆ ಮೂವರಿದಾರೆ. ಯಾರ ಕೈಗೆ ಕೊಡಬೇಕು ಅನ್ನೋದು ನಿನ್ನ ತಲೆನೋವು. ನಾನು ಆಮೆ ಕಣಯ್ಯ, ನನಗೆ ಸಂಗೀತ ಅರ್ಥ ಆಗಲ್ಲ." ಹೀಗೆ ಹೇಳಿ ಆಮೆ ತನ್ನ ಚಿಪ್ಪು ಕಳಚಿ ಕೊಟ್ಟಿತು. ಅದರೊಳಗೆ ಕೂತರೆ ಹೇಳಿದ ಕಡೆಗೆ ಹಾರುತ್ತಿತ್ತು. ಆಮೆ ನಾಚಿಕೆಯಿಂದ ರಾಣಿಯ ಶಾಲು ಹೊದ್ದು ನೀರಿಗಿಳಿಯಿತು.

ದುಗ್ಗಪ್ಪ ಹೊರಡುವಾಗ ಇಡೀ ಅರಮನೆ ಸಲಹೆ ಕೊಟ್ಟಿತು. ಎಲ್ಲರಿಗಿಂತ ದೊಡ್ಡ ಹೆಸರಿರುವವನಿಗೇ ಕೊಡು ಎಂದ ಮಂತ್ರಿ. ಬಣ್ಣ ನೀಲಿ ಇರಲಿ ಎಂದಳು ರಾಣಿ. ಜನ್ಮದಲ್ಲಿ ಗಿಟಾರು ಮುಟ್ಟದ ಅಡುಗೆಭಟ್ಟ ಐದು ತಂತಿ ಹಾಕಿಸು, ನಾಲ್ಕು ಸಾಲದು ಎಂದ. ದುಗ್ಗಪ್ಪ ಎಲ್ಲರಿಗೂ ಹೂಂ ಎಂದು, ಬೆಲ್ಲದುಂಡೆಯನ್ನು ತಂಗಿಗೆ ಒಪ್ಪಿಸಿ, ಹಲಗೆಯನ್ನು ತಬ್ಬಿಕೊಂಡು ಚಿಪ್ಪು ಹತ್ತಿದ.

ಮೊದಲನೆಯವನು ರತ್ನಾಕರಾಚಾರಿ. ಅವನ ಹೆಬ್ಬಾಗಿಲಲ್ಲಿ ಸಿಂಹದ ಮೈ, ಆನೆಯ ಸೊಂಡಿಲಿನ ಕಲ್ಲಿನ ಯಾಳಿಯೊಂದು ಕೂತು ಹೋಗಿ ಬರುವವರಿಗೆಲ್ಲ ಅವನ ಬಿರುದುಗಳನ್ನು ಹೇಳುತ್ತಿತ್ತು. ಬಾಗಿಲಿನಿಂದ ಬೆಟ್ಟದ ತುದಿಯವರೆಗೆ ಗಿರಾಕಿಗಳ ಸಾಲು. ಸಾಲಿನಲ್ಲಿದ್ದ ಗಡ್ಡದವನೊಬ್ಬ, "ನಮ್ಮಪ್ಪ ನಿಂತಿದ್ದ ಜಾಗ ಇದು. ಅವರು ಹೋದ ಮೇಲೆ ನಾನು ನಿಂತಿದೀನಿ," ಎಂದ ಹೆಮ್ಮೆಯಿಂದ. ಹೊರಡುವಾಗ ರಾಜ ಕೊಟ್ಟಿದ್ದ ಮುದ್ರೆ ತೋರಿಸಿದ್ದಕ್ಕೆ ದುಗ್ಗಪ್ಪನನ್ನು ನೇರ ಒಳಗೆ ಬಿಟ್ಟರು.

"ಸ್ವಾಮಿ, ನನಗೊಂದು ಬೇಸ್ ಗಿಟಾರು ಬೇಕು. ಹಲಗೆ ಒಂದೇ ಇದೆ. ಕೆಟ್ಟರೆ ಇನ್ನೊಂದಿಲ್ಲ," ಎಂದ ದುಗ್ಗಪ್ಪ.

ಆಚಾರಿ ದುಗ್ಗಪ್ಪನ ಮುಖ ನೋಡಲೇ ಇಲ್ಲ. ಹಲಗೆಯನ್ನು ಸವರುತ್ತಾ, "ತುದಿಗೆ ಚಿನ್ನದ ಹಂಸ. ಹಂಸದ ಕೊಕ್ಕಿಗೆ ಮುತ್ತು. ಗಿಟಾರಿನ ಕತ್ತಿನುದ್ದಕ್ಕೂ ದಶಾವತಾರ," ಎಂದು ಶುರು ಮಾಡಿದ. ಮಾದರಿಗೆಂದು ಒಂದನ್ನು ದುಗ್ಗಪ್ಪನ ಹೆಗಲಿಗೆ ತಗುಲಿಸಿದ. ಹಂಸದ ಭಾರಕ್ಕೆ ಗಿಟಾರಿನ ತಲೆ ಧೊಪ್ಪನೆ ಕೆಳಗೆ ಬಿತ್ತು. ಎತ್ತಿದ, ಮತ್ತೆ ಬಿತ್ತು.

"ಸ್ವಾಮಿ, ಎಡಗೈ ಇದನ್ನ ಎತ್ತಿ ಹಿಡಿಯೋಕೇ ಬೇಕು. ನುಡಿಸೋದು ಯಾವ ಕೈಲಿ?"

"ನುಡಿಸೋದಾ?" ಆಚಾರಿ ಆಗಲೇ ಮೊದಲ ಬಾರಿಗೆ ಅವನ ಮುಖ ನೋಡಿದ. "ನನ್ನ ಗಿರಾಕಿಗಳು ಗೋಡೆಗೆ ತೂಗು ಹಾಕ್ತಾರಪ್ಪ."

ದುಗ್ಗಪ್ಪ ಹಲಗೆ ಎತ್ತಿಕೊಂಡು ಹೊರಬಿದ್ದ.

ಎರಡನೆಯವನು ಮೋಡದ ಮೇಲಿದ್ದ ಚಿತ್ರಕಂಠ ಎಂಬ ಗಂಧರ್ವ. ದುಗ್ಗಪ್ಪ ಅಲ್ಲಿಯೂ, "ಸ್ವಾಮಿ, ನನಗೊಂದು ಬೇಸ್ ಗಿಟಾರು ಬೇಕು. ಹಲಗೆ ಒಂದೇ ಇದೆ. ಕೆಟ್ಟರೆ ಇನ್ನೊಂದಿಲ್ಲ," ಎಂದ.

ಗಂಧರ್ವ ತಾನು ಮಾಡಿದ್ದ ಗಿಟಾರೊಂದನ್ನು ತೊಡೆಯ ಮೇಲಿಟ್ಟು ನುಡಿಸಿದ. ಅಬ್ಬಾ! ಕಾಲಡಿಯ ಮೋಡ ಕರಗಿ ಕೆಳಗಿನ ಊರಲ್ಲಿ ಮಳೆಯಾಯಿತು. ಜೇನು ಸುರಿದಂತಹ ಆ ದನಿಗೆ ದುಗ್ಗಪ್ಪ ಬಿಕ್ಕಿ ಬಿಕ್ಕಿ ಅತ್ತ, ಮೂಗು ಒರೆಸಿಕೊಂಡ, ಹಲಗೆಯನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದ. ಬೇಸ್ ನುಡಿಸುವವರೆಲ್ಲ ಮಾಡುವ ತಪ್ಪೇ ಅದು. ಮಾಡಿದವನು ನುಡಿಸಿದ್ದನ್ನು ಕೇಳಿ, ಆ ದನಿ ಗಿಟಾರಿನದು ಎಂದುಕೊಳ್ಳುವುದು. ಪುಣ್ಯಕ್ಕೆ ಕೊನೇ ಗಳಿಗೆಯಲ್ಲಿ ಬಾಯಿ ಬಂತು.

"ಒಂದ್ಸಲ ನಾನು ನೋಡಲಾ?"

ಅವನು ನುಡಿಸಿದ. ಡುಬ್. ಇನ್ನೊಮ್ಮೆ ನುಡಿಸಿದ. ಡುಬ್ಬು. ಗಂಧರ್ವನ ಬೆರಳು ಮೊಳದುದ್ದ, ಗಿಟಾರು ಆ ಬೆರಳಿಗೆ ಮಾಡಿದ್ದು. ದುಗ್ಗಪ್ಪನ ಬೆರಳು ಎರಡನೇ ತಂತಿಗೇ ಸುಸ್ತಾದವು.

"ಅಭ್ಯಾಸ ಮಾಡಿದರೆ ಬೆರಳು ಬೆಳೆಯುತ್ತವೆ," ಎಂದ ಗಂಧರ್ವ.

"ಎಷ್ಟು ಕಾಲ ಹಿಡಿಯುತ್ತೆ ಸ್ವಾಮಿ?"

"ಒಂದೆರಡು ಜನ್ಮ."

ದುಗ್ಗಪ್ಪ ಅಲ್ಲಿಂದಲೂ ಹೊರಟ. ಆ ಜೇನಿನ ದನಿ ಮಾತ್ರ ಕಿವಿಯಲ್ಲೇ ಕೂತುಬಿಟ್ಟಿತು.

ಮೂರನೆಯವಳು ಕೋರೆಯಕ್ಕ ಎಂಬ ರಕ್ಕಸಿ. ಅವಳು ಗಿರಾಕಿಗಳನ್ನು ತಿನ್ನುತ್ತಾಳೆ ಎಂಬ ಮಾತಿತ್ತು. ದುಗ್ಗಪ್ಪ ಅವಳ ಗವಿಯ ಮುಂದೆ ಇಳಿದು, "ಅಕ್ಕಾ, ನನಗೊಂದು ಬೇಸ್ ಗಿಟಾರು ಬೇಕು. ಹಲಗೆ ಒಂದೇ ಇದೆ. ಕೆಟ್ಟರೆ ಇನ್ನೊಂದಿಲ್ಲ. ನೀವು ಗಿರಾಕಿಗಳನ್ನ ತಿಂತೀರಂತೆ, ನಿಜವಾ?" ಎಂದ.

"ಸುಳ್ಳು ಯಾಕೆ ಹೇಳ್ಲಿ? ತಿಂತೀನಿ," ಎಂದಳು ಕೋರೆಯಕ್ಕ, ಉಗುರಿನಿಂದ ಹಲ್ಲು ಕೆರೆಯುತ್ತಾ. "ಆದ್ರೆ ಎಲ್ಲಾರನ್ನೂ ಅಲ್ಲ. ಅರ್ಧ ಕೆಲಸ ಆದ್ಮೇಲೆ ಬಂದು 'ಅಕ್ಕಾ, ಸ್ವಲ್ಪ ಬದಲಾಯ್ಸಿ' ಅಂತಾರಲ್ಲ, ಅವರನ್ನ ಮಾತ್ರ. ಈ ಕಸುಬಲ್ಲಿ ನನ್ನಷ್ಟು ಬಲ್ಲೋರು ಮೂರು ಲೋಕದಲ್ಲಿ ಇಲ್ಲ. ನನಗೇ ಹೇಳಿಕೊಡೋಕೆ ಬರ್ತಾವೆ ಮುಂಡೇವು. ನಿಲ್ಲು ಅಲ್ಲಿ!"

ಅವಳು ಅವನ ಹೆಗಲಿಗೆ ಹಗ್ಗ ಕಟ್ಟಿ ಒಂದು ಒನಕೆ ನೇತುಹಾಕಿದಳು. "ನಿನ್ನ ಮೈಯೆಲ್ಲ ಆನೆ ವಾಸನೆ. ಆನೆ ಮೈ ತೊಳೆಯೋವಾಗ ಹೆಂಗೆ ನಿಲ್ತೀಯೋ ಹಂಗೆ ನಿಲ್ಲು," ಎಂದು ಸುತ್ತ ಮೂರು ಸಲ ತಿರುಗಿದಳು. ಹಗ್ಗ ಸಡಿಲಿಸಿದಳು, ಬಿಗಿ ಮಾಡಿದಳು, ಅವನ ಅಂಗೈಯನ್ನು ಮೂಸಿ ನೋಡಿದಳು. ಆಮೇಲೆ ಕೇಳಿದಳು: "ಯಾರ ಜೊತೆ ನುಡಿಸ್ತೀಯ?"

ಇದನ್ನು ಅವನಿಗೆ ಇದುವರೆಗೆ ಯಾರೂ ಕೇಳಿರಲಿಲ್ಲ. ದುಗ್ಗಪ್ಪ ತಲೆ ಕೆರೆದುಕೊಂಡ. "ಮೇಳದ ಜೊತೆ ಅಕ್ಕಾ. ಆದ್ರೆ ನಿಜ ಹೇಳ್ಬೇಕು ಅಂದ್ರೆ ನಮ್ಮ ಭದ್ರೆ ಜೊತೆ. ಅವಳ ಪಕ್ಕ ಕೂತೇ ಕಲಿತಿದ್ದು. ನಾನು ನುಡಿಸಿದ್ರೆ ಅವಳು ಗುಡುಗುಡು ಅಂತಿದ್ಲು."

"ಅದು ನಿನಗೆ ಎಲ್ಲಿ ಕೇಳ್ತಿತ್ತು?"

"ಕಿವೀಲಲ್ಲ ಅಕ್ಕಾ, ಇಲ್ಲಿ," ಎಂದು ಅವನು ಎದೆಯ ಕೆಳಗೆ ಕೈಯಿಟ್ಟು ತೋರಿಸಿದ. ಗಿಟಾರು ತಾಗಬೇಕಾದ ಜಾಗ ಅದೇ ಎಂದು ಕೋರೆಯಕ್ಕ ಅಲ್ಲಿಗೊಂದು ಇದ್ದಿಲಿನ ಗೆರೆ ಎಳೆದಳು.

ಕೆಲಸ ಶುರುವಾಯಿತು. ಅವಳು ಕೋರೆಹಲ್ಲಿನಿಂದ ಹಲಗೆ ಹೆರೆದಳು, ಉಗುರಿನಿಂದ ಕೊರೆದಳು. ಒಳಗಿನ ಮಿಂಚು ನಾಲಿಗೆಗೆ ಚುರ್ ಎಂದಾಗಲೆಲ್ಲ ಗಹಗಹಿಸಿ ನಕ್ಕಳು. ಹಂಸವಿಲ್ಲ, ಮುತ್ತಿಲ್ಲ, ಬಣ್ಣವಿಲ್ಲ. ಹೆಗಲಿಗೆ ಹಾಕಿಕೊಂಡರೆ ಭಾರವೇ ಗೊತ್ತಾಗಲಿಲ್ಲ, ಬೆರಳಿಟ್ಟಲ್ಲಿ ತಂತಿ ಸಿಕ್ಕಿತು. ದುಗ್ಗಪ್ಪ ಹಿಗ್ಗಿ ತಂತಿ ಮೀಟಿದ.

"ಹೂಂ," ಎಂದಿತು ಗಿಟಾರು, ಕತೆ ಕೇಳುತ್ತಾ ಕೂತವರು ಹೂಂಗುಟ್ಟಿದ ಹಾಗೆ.

ದುಗ್ಗಪ್ಪನ ಮುಖ ಸಪ್ಪಗಾಯಿತು. ಕಿವಿಯಲ್ಲಿ ಕೂತಿದ್ದ ಗಂಧರ್ವನ ಜೇನು ಕಿತಾಪತಿ ಮಾಡಿತು. "ಅಕ್ಕಾ," ಎಂದ ಮೆಲ್ಲಗೆ, "ಇನ್ನೂ ಪಾಲಿಶ್ ಆಗಿಲ್ಲವಲ್ಲ... ಸ್ವಲ್ಪ ಬದಲಾಯ್ಸೋಕೆ..."

ಮಾತು ಮುಗಿಯುವಷ್ಟರಲ್ಲಿ ಅವನು ರಕ್ಕಸಿಯ ಅಂಗೈಯಲ್ಲಿದ್ದ. ಬಾಯಿ ತೆರೆದಿತ್ತು. ಒಳಗೆ ಹಿಂದಿನ ಗಿರಾಕಿಯ ರುಮಾಲು ಹಲ್ಲಿಗೆ ಸಿಕ್ಕಿಕೊಂಡಿರುವುದು ಕಾಣುತ್ತಿತ್ತು.

"ತಿನ್ನಿ ಅಕ್ಕಾ!" ದುಗ್ಗಪ್ಪ ಕೂಗಿದ. "ಆದ್ರೆ ಆನೆಮರಿ ಹಾಲು ಕುಡಿದ ಮೇಲೆ ತಿನ್ನಿ!"

ರಕ್ಕಸಿ ಬಾಯಿ ಮುಚ್ಚಿದಳು. "ಯಾವ ಆನೆಮರಿ?"

ದುಗ್ಗಪ್ಪ ಅಂಗೈಯಲ್ಲೇ ಕೂತು ಬೆಲ್ಲದುಂಡೆಯ ಕತೆಯನ್ನೆಲ್ಲ ಹೇಳಿದ. ರಕ್ಕಸಿಯ ಮೂಗು ಕೆಂಪಾಯಿತು. "ಇದನ್ನ ಮೊದಲೇ ಬೊಗಳೋಕೆ ಏನಾಗಿತ್ತು?" ಎಂದು ಗದರಿದಳು. "ನಡೆ, ನಾನೂ ಬರ್ತೀನಿ. ಕೆಲಸ ಆಗ್ಲಿ, ಆಮೇಲೂ ನಿನಗೆ ದನಿ ಚೆನ್ನಾಗಿಲ್ಲ ಅನ್ನಿಸಿದ್ರೆ ಅಲ್ಲೇ ತಿಂತೀನಿ." ಅವಳು ಉಪ್ಪು, ಮೆಣಸು ಗಂಟು ಕಟ್ಟಿಕೊಂಡು ಹೊರಟಳು. ಅವಳನ್ನು ಹೊತ್ತ ಚಿಪ್ಪು ನೆಲಕ್ಕೆ ತಾಗಿಕೊಂಡೇ ಹಾರಿತು.

ಮಾಂತ್ರಿಕನ ಗುಹೆಯ ಮುಂದೆ ಊರೆಲ್ಲ ನೆರೆಯಿತು. ರಾಜ, ರಾಣಿ, ಶಾಲು ಹೊದ್ದ ಆಮೆ, ಟಿಂ ಟಿಂ ನಗಾರಿಯ ಮೇಳ. ಭದ್ರೆಯೂ ಬಂತು. ಬೆಲ್ಲದುಂಡೆಗೆ ನಡೆಯಲು ಶಕ್ತಿಯಿರಲಿಲ್ಲ, ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ ತಂದಿದ್ದರು. ದುಗ್ಗಪ್ಪ ಸರಿಗೆಯನ್ನು ಕೊಪ್ಪರಿಗೆಗೆ ಸಿಕ್ಕಿಸಿದ.

ಎಲ್ಲರೂ ನೋಡುತ್ತಿದ್ದರೆ ಯಾರಿಗಾದರೂ ಮೆರೆಯಬೇಕು ಅನ್ನಿಸುತ್ತದೆ. ಅವನು ಮೇಳವನ್ನು ಸುಮ್ಮನಿರಿಸಿ, ಒಬ್ಬನೇ ಮುಂದೆ ನಿಂತು, ಗಂಧರ್ವ ನುಡಿಸಿದ್ದನ್ನೇ ನುಡಿಸಲು ಹೊರಟ. ಕಿರಿಕಿರಾಕ್ಷ ಹೊರಬಂದ. ಅವನ ಹೊಟ್ಟೆ ಕಣಜದಷ್ಟಾಗಿತ್ತು, ಒಳಗೆ ಗುಡುಗು, ನಗಾರಿ, ರಾಜನ ಕೆಮ್ಮು ಎಲ್ಲ ಉರುಳಾಡುತ್ತಿದ್ದವು. ಅವನು ದುಗ್ಗಪ್ಪನ ಒಂದೊಂದು ಸ್ವರವನ್ನೂ ಗಾಳಿಯಿಂದ ಹೆಕ್ಕಿ ಹಪ್ಪಳ ಮುರಿದಂತೆ ಕುರುಕುರು ತಿಂದ. "ಉಪ್ಪು ಕಮ್ಮಿ," ಎಂದು ನಕ್ಕ.

ದುಗ್ಗಪ್ಪನ ಬೆರಳು ನಿಂತವು. ಗಾಡಿಯಲ್ಲಿ ಬೆಲ್ಲದುಂಡೆ ಕಣ್ಣು ಮುಚ್ಚುತ್ತಿತ್ತು. ಭದ್ರೆ ತಡೆಯಲಾರದೆ ಕೀಂ ಎಂದು ಕರೆಯಿತು. ಮರಿ ಬೆಚ್ಚಿ ಮುಖ ತಿರುಗಿಸಿತು.

ಆ ಕೀಂ ಕೇಳಿ ದುಗ್ಗಪ್ಪನಿಗೆ ಗಂಧರ್ವ ಮರೆತುಹೋದ, ನೆರೆದ ಜನ ಮರೆತುಹೋದರು. ಅವನು ಭದ್ರೆಯ ಪಕ್ಕಕ್ಕೆ ಹೋಗಿ, ಮೈ ತೊಳೆಯುವಾಗ ನಿಲ್ಲುವಂತೆ ನಿಂತು, ಅದರ ಕೂಗಿನ ಅಡಿಗೆ ಒಂದೇ ಒಂದು ಸ್ವರ ಹಿಡಿದ. ಹೂಂ. ಭದ್ರೆ ಮತ್ತೆ ಕರೆಯಿತು. ಹೂಂ. ಒಬ್ಬಂಟಿಯಾಗಿ ಸಪ್ಪೆಯಿದ್ದ ಆ ದನಿ ಇಲಿಯ ಕೂಗಿನ ಕೆಳಗೆ ಹೋಗಿ ನಿಂತದ್ದೇ ತಡ, ಎರಡೂ ಕೂಡಿ ಬೇರೆಯೇ ಒಂದು ದನಿಯಾಯಿತು. ನೆಲ ಕಂಪಿಸಿತು. ಎಲ್ಲರಿಗೂ ಎದೆಯ ಕೆಳಗೆ ಏನೋ ನಡುಗಿತು. ಬೆಲ್ಲದುಂಡೆಯ ಕಿವಿ ನಿಮಿರಿತು.

ಮಾಂತ್ರಿಕ ಆ ಹೂಂ ಅನ್ನೂ ಹೆಕ್ಕಲು ಹೋದ. ಬರಲಿಲ್ಲ. ಬಲವಾಗಿ ಎಳೆದ. ಬೇಸಿನ ಜೊತೆಗೆ ಭದ್ರೆಯ ಕೂಗೂ ಎದ್ದು ಬಂತು, ಅದನ್ನು ನೋಡಿ ಮೇಳದವರೂ ಸೇರಿಕೊಂಡಿದ್ದರಿಂದ ನಗಾರಿಯ ಟಿಂ ಟಿಂ ಕೂಡ ಹೆಣೆದುಕೊಂಡು ಬಂತು. ಇಡೀ ಗೊಂಚಲು ಅವನ ಗಂಟಲಿಗೆ ಅಡ್ಡ ಸಿಕ್ಕಿತು. ಕಿರಿಕಿರಾಕ್ಷ ಬಿಕ್ಕಳಿಸಿದ. ಬಿಕ್ಕಳಿಕೆಗೆ ಮೊದಲು ರಾಜನ ಕೆಮ್ಮು ಹೊರಬಂತು. ಇನ್ನೊಂದು ಬಿಕ್ಕಳಿಕೆಗೆ ನಗಾರಿಗಳು. ಮೂರನೆಯದಕ್ಕೆ ನುಂಗಿದ್ದೆಲ್ಲ ಒಮ್ಮೆಗೇ ಹೊರಗೆ ನುಗ್ಗಿತು. ಬರಿದಾದ ಮಾಂತ್ರಿಕ ಒಣಗಿದ ಎಲೆಯಂತೆ ಹಗುರಾಗಿ, ಆ ರಭಸಕ್ಕೆ ಏಳು ಬೆಟ್ಟದಾಚೆ ಹಾರಿಹೋದ. ಅಲ್ಲಿ ಸದ್ದೇ ಇಲ್ಲವಂತೆ. ಮಧ್ಯಾಹ್ನವೆಲ್ಲ ಚೆನ್ನಾಗಿ ನಿದ್ದೆ ಮಾಡುತ್ತಾನಂತೆ.

"ಯಾರಲ್ಲಿ!" ಎಂದು ಮೇಘಗರ್ಜನ ಗರ್ಜಿಸಿದ. ಬೆಟ್ಟದ ಮೇಲಿಂದ ಎರಡು ಬಂಡೆ ಉರುಳಿದವು. ಜನ ಕುಣಿದಾಡಿದರು. ಆಮೆ ಓಡಿ ಹೋಗಿ ಚಿಪ್ಪು ತೊಟ್ಟುಕೊಂಡಿತು.

ಕೋರೆಯಕ್ಕ ಉಪ್ಪು ಮೆಣಸಿನ ಗಂಟು ಬಿಚ್ಚುತ್ತಾ ಬಂದು, "ಹೇಳು, ದನಿಯಲ್ಲಿ ಏನಾದ್ರೂ ಬದಲಾಯ್ಸಬೇಕಾ?" ಎಂದಳು.

ದುಗ್ಗಪ್ಪ ಭದ್ರೆಯ ಕಡೆಗೆ ಬೆರಳು ತೋರಿಸಿದ. ಭದ್ರೆ ತನ್ನದೇ ದನಿಯಲ್ಲಿ ಗುಡುಗುಡು ಎಂದು ಕರೆದಿತ್ತು. ಬೆಲ್ಲದುಂಡೆ ಗಾಡಿಯಿಂದ ಜಾರಿ ಬಿದ್ದು, ಎದ್ದು, ಮತ್ತೆ ಬಿದ್ದು, ಕೊನೆಗೆ ರಾಜನ ಕಾಲನ್ನೇ ತಳ್ಳಿಕೊಂಡು ತಾಯಿಯ ಹೊಟ್ಟೆಯಡಿಗೆ ನುಗ್ಗಿತು. ಊರಿಗೆ ಊರೇ ಉಸಿರು ಬಿಗಿಹಿಡಿದು ನಿಂತಿತು. ಚಪ್ ಚಪ್ ಎಂದು ಮರಿ ಹಾಲು ಕುಡಿಯುವ ಸದ್ದು ಮಾತ್ರ ಕೇಳಿಸಿತು. ಅದನ್ನು ಕೇಳಿ ರಕ್ಕಸಿಯೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂದಿನಿಂದ ಘಂಟಾವತಿಯಲ್ಲಿ ಗುಡುಗು ಗುಡುಗಿನ ಹಾಗೆಯೇ ಗುಡುಗಿತು, ಎಲ್ಲರೂ ಹೊಟ್ಟೆ ತುಂಬ ಉಂಡು, ಬಾಯಿ ತುಂಬ ನಕ್ಕು, ಸುಖವಾಗಿದ್ದರು. ಬೆಲ್ಲದುಂಡೆ ಎಷ್ಟು ಹಾಲು ಕುಡಿಯಿತೆಂದರೆ, ಮುಂದಿನ ಬೇಸಿಗೆಗೆ ಲಾಯದ ಬಾಗಿಲನ್ನು ಒಡೆದು ಅಗಲ ಮಾಡಿಸಬೇಕಾಯಿತು.