ಎಂಟೂ ಹದಿನೈದರ ಸಾಲು

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಠಾಣೆಗೆ ಬಂದ ನರ್ಸ್, ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಿಂದಿನ ದಿನ ಆಕೆ ಕೊಟ್ಟ ಇಂಜೆಕ್ಷನ್ ಒಗ್ಗದೆ ರೋಗಿಯೊಬ್ಬರು ಸಾವಿನ ದವಡೆಗೆ ಹೋಗಿ ಪಾರಾಗಿದ್ದರು. ಆ ಔಷಧ ಕೊಡಬಾರದೆಂದು ಬೆಳಿಗ್ಗೆ 8.15ಕ್ಕೇ ದಾಖಲೆಯಲ್ಲಿ ಬರೆದಿತ್ತು, ಈಕೆ ಓದದೆ ಚುಚ್ಚಿದ್ದಾಳೆ ಎಂದು ಆಸ್ಪತ್ರೆ ಆಕೆಯನ್ನು ಅಮಾನತು ಮಾಡಿತ್ತು.

"ಒಂಬತ್ತಕ್ಕೆ ನಾನು ಓದ್ದಾಗ ಆ ಸಾಲು ಇರ್ಲೇ ಇಲ್ಲ ಸರ್. ಆಮೇಲೆ ಯಾರೋ ಸೇರ್ಸಿದಾರೆ."

ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್‌ಗೂ ಕಂಪ್ಯೂಟರಿಗೂ ಅಷ್ಟಕ್ಕಷ್ಟೆ. ಅದರಲ್ಲಿ ಪಳಗಿದ ಮಹಿಳಾ ಪೇದೆಯನ್ನು ಕರೆದುಕೊಂಡು ಹೊರಟರು.

ವಾರ್ಡಿನ ಕಂಪ್ಯೂಟರಿನಲ್ಲಿ ರೋಗಿಯ ದಾಖಲೆಯ ಫೈಲು ತೆರೆದರೆ ಬರೀ ಚಿತ್ರವಿಚಿತ್ರ ಗುರುತುಗಳು. ವೈರಸ್ ಎಂದು ಆಡಳಿತದವರು ಕೈತೊಳೆದುಕೊಂಡಿದ್ದರು. ಉಳಿದದ್ದು ದಾಖಲೆ ವಿಭಾಗದ ಹಿರಿಯ ಗುಮಾಸ್ತರು ಮುದ್ರಿಸಿಕೊಟ್ಟ, 8.15ರ ಸಾಲಿದ್ದ ಪ್ರತಿಯೊಂದೇ. ಆಸ್ಪತ್ರೆಯಲ್ಲಿ ಎಲ್ಲರಿಗೂ ಕಂಪ್ಯೂಟರ್ ಕಲಿಸಿದವರು ಅವರು. ಈ ನರ್ಸ್‌ಗೂ ಅವರೇ. ಎಲ್ಲರ ಬಾಯಲ್ಲೂ ಅವರು 'ಮೇಷ್ಟ್ರು'.

ಪೇದೆ ಫೈಲಿನ ನಕಲನ್ನು, ಫೈಲುಗಳನ್ನು ನೇರವಾಗಿ ತಿದ್ದುವ ಟರ್ಮಿನಲ್ ಎಡಿಟರಿನಲ್ಲಿ ತೆರೆದಳು. ಯೂನಿಕೋಡ್ ಬರುವ ಮುಂಚಿನ ಎನ್‌ಕೋಡಿಂಗ್‌ನಲ್ಲಿ, ಅಂದರೆ ಅಕ್ಷರಗಳನ್ನು ಅಂಕಿಗಳಾಗಿ ಉಳಿಸುವ ಹಳೆಯ ಪದ್ಧತಿಯಲ್ಲಿ, ಮತ್ತೆ ಓದು ಎಂದು ಅದಕ್ಕೆ ಆದೇಶ ಕೊಟ್ಟದ್ದೇ ತಡ, ಅಕ್ಷರಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು.

"ವೈರಸ್ಸೂ ಇಲ್ಲ, ಮಣ್ಣೂ ಇಲ್ಲ ಸರ್. ಹಳೇ ಎನ್‌ಕೋಡಿಂಗ್‌ನಲ್ಲಿ ಸೇವ್ ಮಾಡಿದಾರೆ. ಅದೂ ನಿನ್ನೆ 11.20ಕ್ಕೆ."

ದಿನನಿತ್ಯ ಮಾಹಿತಿ ತುಂಬುವ ಫಾರಂ ಸಮಯವನ್ನು ತಾನೇ ಹಾಕಿಕೊಳ್ಳುತ್ತದೆ, ಅದರಲ್ಲಿ ಸುಳ್ಳು ನಡೆಯದು ಎಂದು ಆಕೆ ವಿವರಿಸಿದಳು. ಫಾರಂ ಬಿಟ್ಟು ಎಡಿಟರಿನಲ್ಲಿ ನೇರ ಫೈಲಿಗೇ ಕೈಹಾಕಿದವರನ್ನು ಹುಡುಕಬೇಕಿತ್ತು. ಒಂಬತ್ತು ಕಂಪ್ಯೂಟರುಗಳ ತಪಾಸಣೆಯಾಯಿತು. ಎಂಟರಲ್ಲಿ ಯೂನಿಕೋಡ್. ಮೇಷ್ಟ್ರ ಕಂಪ್ಯೂಟರಿನಲ್ಲಿ ಮಾತ್ರ, ಏನನ್ನೇ ಉಳಿಸಿದರೂ ಹಳೆಯ ಎನ್‌ಕೋಡಿಂಗ್‌ನಲ್ಲೇ ಉಳಿಸು ಎಂಬ ಸೆಟ್ಟಿಂಗ್ ಇತ್ತು. ಎಲ್ಲರೂ ಅದನ್ನೇ ಬಳಸುತ್ತಿದ್ದ ಕಾಲದಲ್ಲಿ ಅವರೇ ಬರೆದಿಟ್ಟು ಮರೆತದ್ದು. ಅಕ್ಷರಗಳನ್ನು ತೀರ ದೊಡ್ಡದು ಮಾಡಿಟ್ಟಿದ್ದ ಅವರ ಪರದೆಯಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತಿದ್ದುದರಿಂದ ಅನುಮಾನ ಬಂದಿರಲಿಲ್ಲ. 4.10ಕ್ಕೆ ಪಂಚನಾಮೆ ಮುಗಿಯಿತು.

"8.15ರ ಸಾಲು ಎಷ್ಟೊತ್ತಿಗೆ ಬರೆದ್ರಿ?" ಇನ್ಸ್‌ಪೆಕ್ಟರ್ ಕೇಳಿದರು.

"ಹನ್ನೊಂದೂ ಇಪ್ಪತ್ತು," ಎಂದರು ಮೇಷ್ಟ್ರು. ವಾದ ಮಾಡಲಿಲ್ಲ.

"ಆ ಔಷಧ ಕೊಡ್ಬೇಡಿ ಅನ್ನೋ ಡಾಕ್ಟರ ಚೀಟಿ, ದಾಖಲೆಗೆ ಸೇರ್ಸೋಕೆ ನಿಮ್ಮ ಹತ್ರ ಬೆಳಿಗ್ಗೇನೆ ಬಂದಿತ್ತಲ್ಲ?"

"ಬಂದಿತ್ತು. ಮರ್ತುಹೋಯ್ತು."

5.30ಕ್ಕೆ ಬಂಧನ. ನರ್ಸ್‌ನ ಅಮಾನತು ಅಷ್ಟರಲ್ಲೇ ರದ್ದಾಗಿತ್ತು. ಠಾಣೆಯಲ್ಲಿ ಪೇದೆ ಹೇಳಿಕೆಯ ಹಾಳೆ ಮುಂದಿಟ್ಟು, ಓದಿ ಸಹಿ ಮಾಡಿ ಅಂದಳು. ಮೇಷ್ಟ್ರು ಹಾಳೆಯನ್ನು ಮೂಗಿನ ಹತ್ತಿರ ಹಿಡಿದರು, ದೂರ ಹಿಡಿದರು, ಕೊನೆಗೆ ಮೇಜಿನ ಮೇಲಿಟ್ಟುಬಿಟ್ಟರು.

"ಮರ್ತಿದ್ದಲ್ಲಮ್ಮ. ಆ ಚೀಟೀನೂ ನಂಗೆ ಕಾಣ್ಸಿರ್ಲಿಲ್ಲ. ಒಂದು ವರ್ಷ ಆಯ್ತು."

ಇನ್ಸ್‌ಪೆಕ್ಟರ್‌ಗೆ ಅಯ್ಯೋ ಅನಿಸಿತು, ಸಿಟ್ಟೂ ಬಂತು. ಕಣ್ಣು ಮಂಜಾದದ್ದು ತಿಳಿದರೆ ಕುರ್ಚಿ ಹೋಗುತ್ತದೆಂದು ಹೆದರಿ, ಕೈಹಿಡಿದು ಕಲಿಸಿದ ಹುಡುಗಿಯನ್ನೇ ಮುಂದಕ್ಕೆ ತಳ್ಳಿದ ಮನುಷ್ಯ. ಕೇಸ್ ಡೈರಿಯಲ್ಲಿ ಅಷ್ಟನ್ನೇ ಬರೆದರು.

"ನೀನೇ ಓದಿ ಹೇಳು," ಎಂದರು ಮೇಷ್ಟ್ರು. ಪೇದೆ ಮೊದಲ ಸಾಲಿನಿಂದ ನಿಧಾನವಾಗಿ ಓದತೊಡಗಿದಳು.