ಸಾಲಿನ ಮುಂದಿನವಳು

"ಸೆರೈನಾ, ನೀನು ಎಲ್ಲರಿಗಿಂತ ಮುಂದೆ ಬಾ," ಎಂದರು ಲದಿನಾ ಟೀಚರ್.

ಸೆರೈನಾಳ ಮುಖ ಸಣ್ಣಗಾಯಿತು. ಹಾಗೆಂದರೆ ಏನೆಂದು ಇಡೀ ಕ್ಲಾಸಿಗೆ ಗೊತ್ತು. ಬೆಟ್ಟ ಹತ್ತುವಾಗ ಎಲ್ಲರಿಗಿಂತ ನಿಧಾನದವರು ಸಾಲಿನ ಮುಂದಿರಬೇಕು, ಅವರನ್ನು ಯಾರೂ ದಾಟಬಾರದು. ಬೆಟ್ಟದ ಬುಡದ ಆ ಊರಿನಲ್ಲಿ ಅಜ್ಜಂದಿರ ಕಾಲದಿಂದಲೂ ಹೀಗೇ.

ಚಳಿಗಾಲದಲ್ಲಿ ಹಿಮದ ಮೇಲೆ ಜಾರುವ ಗಾಡಿಯಿಂದ ಬಿದ್ದು ಅವಳ ಕಾಲು ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಬೇಸಿಗೆಯೆಲ್ಲ ಅತ್ತೆಯ ಕೊಟ್ಟಿಗೆಯವರೆಗಿನ ಏರನ್ನು ದಿನಾ ಹತ್ತಿ ಇಳಿದಿದ್ದಳು. ಕ್ಲಾಸಿನ ಪ್ರವಾಸದಲ್ಲಿ ಬೆಟ್ಟದ ಮೇಲಿನ ಸರೋವರಕ್ಕೆ ಎಲ್ಲರ ಜೊತೆ ಹೋಗಬೇಕು, ಅದರ ನೀರಿಗೆ ಇಳಿಯಬೇಕು ಎಂಬ ಒಂದೇ ಆಸೆಯಿಂದ. ಆದರೆ ಮಧ್ಯಾಹ್ನದೊಳಗೆ ತಲುಪದಿದ್ದರೆ ಅರ್ಧದಲ್ಲೇ ವಾಪಸು. ಕೆಳಗೆ ಕೊನೆಯ ಬಸ್ಸು ಯಾರಿಗಾಗಿಯೂ ಕಾಯುವುದಿಲ್ಲ.

"ಈ ಸ್ಪೀಡಲ್ಲಿ ಹೋದ್ರೆ ಕ್ರಿಸ್ಮಸ್‌ಗೆ ತಲುಪ್ತೀವಿ," ಎಂದ ಬೆನ್ನ ಹಿಂದಿದ್ದ ಫ್ಲುರಿನ್. "ನೋಡ್ರೋ, ಹಸುಗಳೂ ನಮ್ಮನ್ನ ಓವರ್‌ಟೇಕ್ ಮಾಡ್ತಿವೆ."

ಎಲ್ಲರೂ ನಕ್ಕರು. ಸೆರೈನಾ ಹಲ್ಲು ಕಚ್ಚಿಕೊಂಡು ನಡೆದಳು. ನಿಧಾನವಾಗಿ ನಡೆದಳು, ಆದರೆ ಎಲ್ಲೂ ನಿಲ್ಲಲಿಲ್ಲ.

ದನ ಕಾಯುವವರ ಗುಡಿಸಲ ಬಳಿ ಆ ಮನೆಯಾಕೆ ಎಲ್ಲರಿಗೂ ಹಾಲು ಕೊಟ್ಟಳು. ಟೀಚರ್ ಸೆರೈನಾಳ ಪಕ್ಕ ಕೂತು, "ಸಾಕಾದ್ರೆ ಇಲ್ಲೇ ಇರು ಪುಟ್ಟಾ. ಬರ್ತಾ ಕರ್ಕೊಂಡು ಹೋಗ್ತೀವಿ," ಎಂದರು. ಅವಳು ಹೂಂ ಅನ್ನಲಿ ಎಂದು ಎಲ್ಲರೂ ಕಾಯುತ್ತಿದ್ದರು.

"ಇಲ್ಲ ಟೀಚರ್, ಬರ್ತೀನಿ."

ಫ್ಲುರಿನ್‌ಗೆ ತಾಳ್ಮೆ ತಪ್ಪಿತು. ಬಟ್ಟಲುಗಟ್ಟಲೆ ಹಾಲು ಕುಡಿದವನು ಟೀಚರ್ ಕೂಗುತ್ತಿದ್ದರೂ ಕೇಳದೆ ಮೇಲಕ್ಕೆ ಓಡಿದ. ಆಮೇಲೆ ಸಿಕ್ಕಿದ್ದು ಕಲ್ಲಿನ ಏರಿನ ನಡುವೆ, ಪಕ್ಕೆ ಹಿಡಿದುಕೊಂಡು ಕೂತಿದ್ದ. ಮುಖ ಬಿಳುಚಿತ್ತು.

"ಚೆನ್ನಾಗಾಯ್ತು," ಎಂದುಕೊಂಡಳು ಸೆರೈನಾ. ಖುಷಿಯೇ ಆಯಿತು.

ಟೀಚರ್ ಅವನಿಗೆ ಸುಧಾರಿಸಿಕೊಳ್ಳಲು ಬಿಟ್ಟು, "ನಡೀತೀಯಾ? ಹಾಗಾದ್ರೆ ಈಗ ನೀನೇ ಮುಂದೆ," ಎಂದರು.

ಹಿಂದೆ ಯಾರೋ ಕಿಸಕ್ಕೆಂದರು. ಫ್ಲುರಿನ್ ತಲೆ ತಗ್ಗಿಸಿದ. ಅವನ ಕಿವಿಗಳು ಕೆಂಪಾದವು. ಬೆಳಿಗ್ಗೆಯಿಂದ ತನ್ನ ಕಿವಿ ಹೇಗೆ ಸುಡುತ್ತಿತ್ತೆಂದು ಸೆರೈನಾಗೆ ನೆನಪಾಯಿತು. ಖುಷಿ ಎಲ್ಲಿ ಹೋಯಿತೋ.

"ಟೀಚರ್, ನನ್ನ ಕಾಲು ನೋಯ್ತಿದೆ," ಎಂದಳು. "ನಾನೇ ಮುಂದಿರ್ತೀನಿ."

ಕಾಲೇನೂ ಅಷ್ಟು ನೋಯುತ್ತಿರಲಿಲ್ಲ. ಟೀಚರ್ ಅವಳನ್ನೇ ಒಂದು ಗಳಿಗೆ ನೋಡಿ, ಮುಂದೆ ಹೋಗಲು ದಾರಿ ಬಿಟ್ಟರು.

ಅವಳು ಹೆಜ್ಜೆ ಇಟ್ಟಳು. ಬೆನ್ನ ಹಿಂದೆ ಫ್ಲುರಿನ್‌ನ ಉಸಿರು ಕೇಳಿಸುತ್ತಿತ್ತು. ಅದು ಜೋರಾದಾಗ ನಿಧಾನಿಸಿದಳು, ಹದಕ್ಕೆ ಬಂದಾಗ ತುಸು ಬೇಗ ನಡೆದಳು. ಸೂರ್ಯ ನೆತ್ತಿಯ ಹತ್ತಿರ ಬರುತ್ತಿದ್ದ. ನಿಲ್ಲಬಾರದು, ಅಷ್ಟೇ. ಹಿಂದೆ ಈಗ ಯಾರೂ ಗೊಣಗುತ್ತಿರಲಿಲ್ಲ.

ಕೊನೆಯ ಬಂಡೆ ಹತ್ತಿದಾಗ ಅವಳ ಕಾಲು ತಾನಾಗಿ ನಿಂತಿತು. ಎದುರಿಗೇ ಸರೋವರ. ಹಸಿರು ನೀರು, ಅಂಚಿನಲ್ಲಿ ಕರಗದೆ ಉಳಿದ ಹಿಮ. ಇಡೀ ಕ್ಲಾಸಿನಲ್ಲಿ ಅದನ್ನು ಮೊದಲು ಕಂಡವಳು ಅವಳು.

"ಬಂತಾ?" ಹಿಂದಿನಿಂದ ಫ್ಲುರಿನ್ ಕೇಳಿದ.

"ಬಂತು. ಟೈಮೂ ಇದೆ."

ಎಲ್ಲರೂ ಶೂ ಬಿಚ್ಚಿ ಓಡಿದರು. ಫ್ಲುರಿನ್ ಮಾತ್ರ ನೀರಿನಂಚಿನಲ್ಲಿ ಸೆರೈನಾಳ ಪಕ್ಕ ನಿಂತ. "ನಿನ್ನ ಕಾಲು ನೋಯ್ತಿರಲಿಲ್ಲ ತಾನೆ?"

"ನೀರಿಗಿಳಿ, ಮಾತು ಸಾಕು," ಎಂದಳು ಸೆರೈನಾ. ಕಾಲಿಟ್ಟರೆ ಮೂಳೆವರೆಗೂ ಚಳಿ. ಇಬ್ಬರೂ ಕಿರುಚಿದರು.

ಬ್ರೆಡ್ಡು, ಚೀಸು ತಿಂದಾದ ಮೇಲೆ ಟೀಚರ್ ಸೀಟಿ ಊದಿದರು. "ಇಳಿಯೋಣ. ಸಾಲು ಮಾಡಿ."

ಅವರು ಹೆಸರು ಕರೆಯುವ ಮೊದಲೇ ಸೆರೈನಾ ಹೋಗಿ ಮುಂದೆ ನಿಂತಳು. ಒಮ್ಮೆ ಹಿಂತಿರುಗಿ ಸಾಲನ್ನು ಕೊನೆಯವರೆಗೂ ನೋಡಿದಳು. ಎಲ್ಲರ ಶೂ ಲೇಸೂ ಕಟ್ಟಿಯಾಗಲೆಂದು ಕಾದು, ಆಮೇಲೆ ಮೊದಲ ಹೆಜ್ಜೆ ಇಟ್ಟಳು.